ಹಸುವಿಗೆ ಭಾನುವಾರ ಗೊತ್ತಿಲ್ಲ



ಕ್ಯಾಲೆಂಡರಿನಲ್ಲಿ ಭಾನುವಾರವನ್ನು ಕೆಂಪು ಅಕ್ಷರದಲ್ಲಿ ಅಚ್ಚು ಹಾಕುತ್ತಾರೆ. ಆ ಕೆಂಪು ನಮ್ಮ ಹಸುಗಳ ಕಣ್ಣಿಗೆ ಇನ್ನೂ ಬಿದ್ದಂತಿಲ್ಲ. ಹಬ್ಬವಿರಲಿ, ಮದುವೆಯಿರಲಿ, ಮನೆಯೊಡತಿಗೆ ಜ್ವರವೇ ಇರಲಿ, ಹೊತ್ತಿಗೆ ಸರಿಯಾಗಿ ‘ಅಂಬಾ’ ಎಂದು ಕೂಗುತ್ತವೆ.

ಒಂದು ಸಣ್ಣ ಲೆಕ್ಕ ಹಾಕೋಣ. ಕರು ಹಾಕಿದ ಹಸು ಸುಮಾರು 305 ದಿನ ಹಾಲು ಕೊಡುತ್ತದೆ ಎನ್ನುತ್ತಾರೆ. ದಿನಕ್ಕೆ ಎರಡು ಸಲದಂತೆ 610 ಸಲ ನಾವು ಅದರ ಪಕ್ಕ ಕೂರುತ್ತೇವೆ. ಮುಂದಿನ ಕರುವಿಗೆ ಮೊದಲು 60 ದಿನ ಹಾಲು ಬತ್ತಿಸಿ ವಿಶ್ರಾಂತಿ ಕೊಡಿ ಎಂದು ಪಶುವೈದ್ಯರು ಹೇಳುತ್ತಾರೆ, ನಾವೂ ಕೊಡುತ್ತೇವೆ. ಕೆಚ್ಚಲಿಗೆ ವಿಶ್ರಾಂತಿ ಸಿಗದಿದ್ದರೆ ಮುಂದಿನ ಸೂಲಿನಲ್ಲಿ ಹಾಲು ಕಡಿಮೆಯಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಆದರೆ ಕರೆಯುವ ಕೈಗೆ ಇಂಥ ಕಾಲವೇ ಇಲ್ಲ. ಒಂದು ಬತ್ತುವ ಹೊತ್ತಿಗೆ ಪಕ್ಕದ ಗೂಟದಲ್ಲಿ ಇನ್ನೊಂದು ಈದಿರುತ್ತದೆ.

ಆದ್ದರಿಂದ ‘ಕೆಲಸವೆಲ್ಲ ಮುಗಿದ ಮೇಲೆ ಸುಖವಾಗಿ ಕೂರೋಣ’ ಎಂದು ಕಾದರೆ ಆ ದಿನ ಬರುವುದಿಲ್ಲ. ಸಂತೋಷವನ್ನು ಕೆಲಸದ ನಡುವೆಯೇ ಹೆಕ್ಕಿಕೊಳ್ಳಬೇಕು. ಅದು ನಮ್ಮ ಅಂಗಳದಲ್ಲೇ, ಕೊಟ್ಟಿಗೆಯಲ್ಲೇ ಬಿದ್ದಿರುತ್ತದೆ.

ಕೊಟ್ಟಿಗೆಯ ತಮಾಷೆ

ಹಸು ಸಾಕಿದವರ ಮನೆಯಲ್ಲಿ ನಗುವಿಗೆ ಬರವಿಲ್ಲ. ಬಕೆಟ್ ತುಂಬುವ ತನಕ ಸಾಧುವಾಗಿ ನಿಂತು ಕೊನೆಯಲ್ಲಿ ಕಾಲು ಆಡಿಸುವ ಹಸು, ಒಣಗಿಸಿದ ಹೊಸ ಸೀರೆಯ ಸೆರಗನ್ನೇ ಮೇವೆಂದು ಜಗಿಯುವ ಕರು, ಹಿಂಡಿಯ ಬುಟ್ಟಿ ಕಂಡರೆ ಮಾತ್ರ ಹೆಸರು ಕರೆದಾಗ ಕಿವಿ ನಿಮಿರಿಸುವ ಎಮ್ಮೆ. ಇವರೆಲ್ಲ ನಮ್ಮ ಮನೆಯ ಸದಸ್ಯರೇ.

ಇನ್ನು ಹೆಂಡತಿ ತವರಿಗೆ ಹೋದ ದಿನ ಗಂಡ ಹಾಲು ಕರೆಯುವ ಕಥೆ ಯಾವ ಊರಲ್ಲಿಲ್ಲ? ಹಸು ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಕೊನೆಗೆ ಹೆಂಡತಿಯ ಹಳೆಯ ಸೀರೆ ಹೊದ್ದು ಕೂತ ಮೇಲೆ ಒಂದಿಷ್ಟು ಇಳಿಸುತ್ತದೆ. ಊರೆಲ್ಲ ನಗುತ್ತದೆ. ಆದರೆ ಹಸು ಮಾಡಿದ್ದರಲ್ಲಿ ತಪ್ಪಿಲ್ಲ. ದಿನವೂ ತನ್ನ ಬಳಿ ಬರುವವರ ವಾಸನೆ, ದನಿ, ಕೈಯ ಹದ ಎಲ್ಲವೂ ಅದಕ್ಕೆ ಗುರುತಿರುತ್ತದೆ. ಕೆಚ್ಚಲು ತೊಳೆದು ಮೃದುವಾಗಿ ನೀವಿದಾಗ ಸುಮಾರು ಒಂದು ನಿಮಿಷದಲ್ಲಿ ಆಕ್ಸಿಟೋಸಿನ್ ಎಂಬ ಹಾರ್ಮೋನು ರಕ್ತಕ್ಕೆ ಸೇರಿ ಹಸು ಸೊರೆ ಬಿಡುತ್ತದೆ. ಅದರ ಪ್ರಭಾವ ಐದರಿಂದ ಏಳು ನಿಮಿಷ ಮಾತ್ರ. ಹೊಡೆದರೆ, ಗದರಿದರೆ, ಹೊಸಬರು ಬಂದರೆ ಅಡ್ರಿನಲಿನ್ ಎಂಬ ಇನ್ನೊಂದು ಹಾರ್ಮೋನು ಅಡ್ಡ ಬರುತ್ತದೆ, ಹಾಲು ಕೆಚ್ಚಲಲ್ಲೇ ಉಳಿಯುತ್ತದೆ.

ಅಂದರೆ ಕರೆಯುವಾಗ ಗುನುಗುವ ಹಾಡು, ಹಸುವಿನ ಜೊತೆ ಆಡುವ ಎರಡು ಮಾತು ಯಾವುದೂ ವ್ಯರ್ಥವಲ್ಲ. ‘ಹಸು ಜೊತೆ ಮಾತಾಡ್ತಾಳೆ, ಹುಚ್ಚಿ’ ಎಂದು ಯಾರಾದರೂ ನಕ್ಕರೆ, ‘ನಿಮಗಿಂತ ಚೆನ್ನಾಗಿ ಕೇಳಿಸಿಕೊಳ್ಳುತ್ತೆ’ ಎಂದುಬಿಡಿ.

ಸಂಘದ ಸಾಲಿನಲ್ಲಿ

ಹಾಲಿನ ಸಂಘದ ಮುಂದೆ ನಿಲ್ಲುವ ಹತ್ತು ನಿಮಿಷ ಬಹಳ ಹೆಂಗಸರಿಗೆ ಮನೆಯಿಂದ ಹೊರಗೆ ಸಿಗುವ ಸ್ವಂತ ಸಮಯ. ಕ್ಯಾನು ಕೆಳಗಿಟ್ಟ ಕೂಡಲೇ ಮಾತು ಶುರು. ಯಾರ ಮಗಳಿಗೆ ಗಂಡು ಗೊತ್ತಾಯಿತು, ಯಾರ ಹಸು ಗಬ್ಬ ನಿಂತಿತು, ಎಲ್ಲ ಸುದ್ದಿಯೂ ಅಲ್ಲೇ ಅಳತೆಯಾಗುತ್ತದೆ. ಪರೀಕ್ಷೆಯ ಯಂತ್ರದಲ್ಲಿ 3.5ರ ಮೇಲೆ ಅಂಕಿ ಬಂದರೆ ಮುಖ ಅರಳುತ್ತದೆ. ‘ಫ್ಯಾಟ್ ಜಾಸ್ತಿ ಆಗಿದೆ’ ಎಂದರೆ ಖುಷಿಪಡುವ ಹೆಂಗಸರು ಲೋಕದಲ್ಲಿದ್ದರೆ ಅದು ನಾವೇ!

ಈ ಹತ್ತು ನಿಮಿಷವನ್ನು ಕಳೆದುಕೊಳ್ಳಬೇಡಿ. ಹಾಲನ್ನು ಮಕ್ಕಳ ಕೈಲಿ ಕಳಿಸುವ ಅನುಕೂಲವಿದ್ದರೂ ವಾರದಲ್ಲಿ ಕೆಲವು ದಿನ ನೀವೇ ಹೋಗಿ. ಅಕ್ಕಪಕ್ಕದವರ ಕಷ್ಟ ಸುಖ ತಿಳಿಯುವುದು, ನಿಮ್ಮ ಮನಸ್ಸು ಹಗುರವಾಗುವುದು ಅಲ್ಲಿಯೇ.

ನಮ್ಮ ಪಾಲಿನ ಲೋಟ

ಹಸು ಈದ ಮನೆಯ ಗಿಣ್ಣಿನ ಘಮಕ್ಕೆ ಸಮ ಯಾವುದು? ಕರುವಿಗೆ ಅದರ ಪಾಲು ಮೊದಲು, ಹುಟ್ಟಿದ ಒಂದು ಗಂಟೆಯೊಳಗೆ. ಕರು ಕುಡಿದು ಉಳಿದದ್ದಕ್ಕೆ ಬೆಲ್ಲ, ಏಲಕ್ಕಿ ಹಾಕಿ ಬೇಯಿಸಿ ನೆರೆಮನೆಗೂ ಒಂದು ಬಟ್ಟಲು ಕೊಡುತ್ತೇವೆ. ಆ ಬಟ್ಟಲು ಖಾಲಿಯಾಗಿ ಹಿಂದಿರುಗುವುದಿಲ್ಲ, ಚಿಟಿಕೆ ಸಕ್ಕರೆಯಾದರೂ ಅದರಲ್ಲಿರುತ್ತದೆ. ಇಂಥ ಕೊಡುಕೊಳ್ಳುವಿಕೆಗೆ ಯಾವ ಪಾಸ್‌ಬುಕ್ಕೂ ಇಲ್ಲ.

ಆದರೆ ದಿನದ ಹಾಲಿನ ವಿಷಯಕ್ಕೆ ಬಂದರೆ ನಾವು ಜಿಪುಣರು, ಅದೂ ನಮ್ಮ ಬಗ್ಗೆ ಮಾತ್ರ. ಸಂಘಕ್ಕೆ ಮೊದಲು, ಮಕ್ಕಳಿಗೆ ಆಮೇಲೆ, ಅತ್ತೆ ಮಾವನಿಗೆ, ಗಂಡನಿಗೆ, ಬಂದ ನೆಂಟರಿಗೆ. ಕೊನೆಗೆ ತಳದಲ್ಲಿ ಉಳಿದದ್ದಕ್ಕೆ ನೀರು ಬೆರೆಸಿ ನಮಗೆ ಟೀ. ಸಂಘದಲ್ಲಿ ಒಂದು ಹನಿ ನೀರು ಬೆರೆಸದ ನಾವು ನಮ್ಮ ಲೋಟಕ್ಕೆ ಮಾತ್ರ ಧಾರಾಳವಾಗಿ ಬೆರೆಸುತ್ತೇವೆ!

ದಿನಕ್ಕೆ ಒಂದು ಲೋಟ, ಅಂದರೆ 200 ಮಿಲಿ ಹಾಲು, ತಿಂಗಳಿಗೆ 6 ಲೀಟರ್. ದಿನಕ್ಕೆ 10 ಲೀಟರ್ ಕರೆಯುವ ಮನೆಯಲ್ಲಿ ತಿಂಗಳ 300 ಲೀಟರಿನಲ್ಲಿ ಇದು ನೂರಕ್ಕೆ ಎರಡು ಪಾಲು. ಕರೆದವಳಿಗೆ ನೂರಕ್ಕೆ ಎರಡು ಹೆಚ್ಚೇ? ಆ ಲೋಟವನ್ನು ನಿಂತುಕೊಂಡು ಗಟಗಟ ಕುಡಿಯಬೇಡಿ. ಜಗಲಿಯ ಮೇಲೆ ಕೂತು, ಬಿಸಿ ಆರುವ ಮೊದಲು, ನಿಧಾನವಾಗಿ ಕುಡಿಯಿರಿ.

ಅಜ್ಜಿಯರಿಂದ ಬಂದ ವಿದ್ಯೆ

ಕೆಲಸದೊಳಗೇ ಸಂತೋಷ ಹುಡುಕುವುದು ನಮಗೆ ಹೊಸತಲ್ಲ. ನಸುಕಿನಲ್ಲಿ ರಾಗಿ ಕಲ್ಲಿನ ಮುಂದೆ ಕೂತ ನಮ್ಮ ಅಜ್ಜಿಯರು ಬೀಸುವ ಪದ ಕಟ್ಟಿದರು. ತವರಿನ ನೆನಪು, ಅತ್ತೆ ಮನೆಯ ಕಷ್ಟ ಎಲ್ಲವೂ ಅದರಲ್ಲಿತ್ತು. ಮದುವೆಯಲ್ಲಿ ಬೀಗರ ಪದ ಹಾಡಿ ಹೊಸ ನೆಂಟರನ್ನು ಚೆನ್ನಾಗಿ ಛೇಡಿಸಿದರು. ಗಂಡನ ಹೆಸರನ್ನು ನೇರವಾಗಿ ಹೇಳಲು ನಾಚಿಕೆಯೆಂದು ಒಡಪು ಕಟ್ಟಿ ಅದರೊಳಗೆ ಹೆಸರು ಸೇರಿಸಿದರು. ಅಕ್ಷರ ಬಾರದವರೂ ಈ ವಿದ್ಯೆಯಲ್ಲಿ ಪಂಡಿತರೇ.

ಅಚ್ಚಿನಲ್ಲೂ ಹೆಂಗಸರು ಹಿಂದೆ ಬೀಳಲಿಲ್ಲ. 1942ರಲ್ಲಿ ಡಾ. ಎಂ. ಶಿವರಾಂ ಅವರು ಶುರು ಮಾಡಿದ ‘ಕೊರವಂಜಿ’ ಹಾಸ್ಯಪತ್ರಿಕೆಯಲ್ಲಿ ಟಿ. ಸುನಂದಮ್ಮ ಬರೆಯುತ್ತಿದ್ದರು. ಹಾಸ್ಯ ಗಂಡಸರ ಸ್ವತ್ತು ಎಂಬಂತಿದ್ದ ಕಾಲದಲ್ಲಿ ಅವರು ಮನೆಯೊಳಗಿನ ದಿನನಿತ್ಯದ ಸಂಗತಿಗಳಲ್ಲೇ ನಗುವನ್ನು ಕಂಡರು.

ಯಾವುದು ತಮಾಷೆ, ಯಾವುದು ಅಲ್ಲ

ಎಲ್ಲರೂ ನಕ್ಕರೆ ತಮಾಷೆ. ಒಬ್ಬಳು ತಲೆ ತಗ್ಗಿಸಿ ಉಳಿದವರು ನಕ್ಕರೆ ಅದು ತಮಾಷೆಯಲ್ಲ. ‘ಮನೇಲೇ ಇರ್ತೀಯಲ್ಲ, ಏನು ಕೆಲಸ ನಿನಗೆ?’ ಎಂಬ ಮಾತು ಅಂಥದ್ದು. ಅದಕ್ಕೆ ಜಗಳ ಬೇಡ. ನಗುತ್ತಲೇ ಸಗಣಿ ಬುಟ್ಟಿ, ಬಕೆಟ್ಟು, ಕ್ಯಾನು ಮೂರನ್ನೂ ಅವರ ಮುಂದಿಟ್ಟು ‘ಒಂದು ದಿನ ನೀವು ಮನೇಲಿರಿ’ ಎನ್ನಿ. ಸಂಜೆಯೊಳಗೆ ಉತ್ತರ ಸಿಗುತ್ತದೆ. ಕೆಲಸ ಹಂಚಿಕೊಂಡ ಮನೆಯಲ್ಲಿ ನಗುವುದಕ್ಕೆ ಸಮಯವೂ ಸಿಗುತ್ತದೆ.

ಈ ವಾರದಿಂದಲೇ

• ನಿಮ್ಮ ಪಾಲಿನ ಒಂದು ಲೋಟ ಹಾಲನ್ನು ಮೊದಲೇ ತೆಗೆದಿಡಿ.
• ವಾರದಲ್ಲಿ ಒಂದು ಸಂಜೆಯ ಕೊಟ್ಟಿಗೆ ಕೆಲಸವನ್ನು ಮನೆಯ ಗಂಡಸರಿಗೆ, ದೊಡ್ಡ ಮಕ್ಕಳಿಗೆ ಒಪ್ಪಿಸಿ. ಮೊದಲೇ ನಿಮ್ಮ ಜೊತೆ ಕೂತು ಹಸುವಿಗೆ ಅವರ ಕೈ ರೂಢಿಯಾಗಲಿ.
• ರಾತ್ರಿ ಊಟಕ್ಕೆ ಎಲ್ಲರ ಜೊತೆಗೇ ಕೂರಿ. ಆ ದಿನ ನಗು ತಂದ ಒಂದು ಸಂಗತಿಯನ್ನು ಒಬ್ಬೊಬ್ಬರೂ ಹೇಳಲಿ.
• ಮನೆಯ ಹಿರಿಯರಿಂದ ಒಂದು ಒಗಟು, ಒಂದು ಪದ ಕೇಳಿ ಬರೆದಿಡಿ.

ನಗು ನಿಂತರೆ ಗಮನಿಸಿ

ಆರೋಗ್ಯವಾಗಿರುವ ಹಸು ದಿನಕ್ಕೆ ಏಳೆಂಟು ಗಂಟೆ ಮೆಲುಕು ಹಾಕುತ್ತದೆ. ಮೆಲುಕು ನಿಂತರೆ ಅರ್ಧ ದಿನವೂ ಕಾಯದೆ ಡಾಕ್ಟರಿಗೆ ಫೋನು ಮಾಡುತ್ತೇವೆ. ಮನೆಯ ಹೆಣ್ಣುಮಗಳು ತಿಂಗಳುಗಟ್ಟಲೆ ನಗದೇ ಇದ್ದರೂ ಯಾರ ಗಮನಕ್ಕೂ ಬರುವುದಿಲ್ಲ. ನಿದ್ದೆ ಬಾರದಿರುವುದು, ಊಟ ಸೇರದಿರುವುದು, ಯಾವುದರಲ್ಲೂ ಮನಸ್ಸಿಲ್ಲದಿರುವುದು ಎರಡು ವಾರಕ್ಕೂ ಹೆಚ್ಚು ಮುಂದುವರಿದರೆ ಅದು ಸೋಮಾರಿತನವಲ್ಲ, ಚಿಕಿತ್ಸೆಯಿರುವ ಕಾಯಿಲೆಯಾಗಿರಬಹುದು. ಆಶಾ ಕಾರ್ಯಕರ್ತೆಗೆ ತಿಳಿಸಿ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಸಾಲಿನಲ್ಲಿ ನಿಮ್ಮ ಪಕ್ಕ ನಿಲ್ಲುವ ಗೆಳತಿ ಕೆಲವು ದಿನಗಳಿಂದ ಮೌನವಾಗಿದ್ದರೆ, ಫ್ಯಾಟ್ ಎಷ್ಟು ಬಂತು ಎಂದು ಕೇಳುವ ಮೊದಲು ‘ಹೇಗಿದ್ದೀಯ?’ ಎಂದು ಕೇಳಿ.

ಸಂಘದ ಮುಂದಿನ ಸಭೆಗೆ ಬರುವಾಗ ನಿಮ್ಮ ಕೊಟ್ಟಿಗೆಯ ಒಂದು ತಮಾಷೆಯ ಕಥೆಯನ್ನೂ ತನ್ನಿ. ಹಾಲಿನಂತೆ ಅದಕ್ಕೆ ಅಳತೆಯಿಲ್ಲ, ಎಷ್ಟು ಹಂಚಿದರೂ ಮನೆಯಲ್ಲಿ ಕಡಿಮೆಯಾಗುವುದಿಲ್ಲ.