ಗುಂಬದ ಬೀಗ

ಸಕಲೇಶಪುರದಿಂದ ಒಳಕ್ಕೆ ಹೋದ ಒಂದು ಕಾಫಿ ತೋಟದ ಕೆಮ್ಮಣ್ಣಿನ ಏರಿನಲ್ಲಿ, ಆಷಾಢದ ಮಳೆ ಬಿಟ್ಟೂ ಬಿಡದೆ ಹೊಡೆಯುತ್ತಿದ್ದ ಒಂದು ಮಧ್ಯಾಹ್ನ, ನಾವು ಕುಳಿತಿದ್ದ ಹಳೆಯ ಜೀಪು ಜಾರಿ ನಿಂತಾಗ, ಚಾಲಕನು ಕೆಳಗಿಳಿದು ಬಲಗಡೆಯ ಮುಂಚಕ್ರದ ನಡುವಿನ ಹಬ್ಬನ್ನು ಮಾತ್ರ ತಿರುಗಿಸಿ ಬೀಗ ಹಾಕಿ ಬಂದು ಮತ್ತೆ ಕುಳಿತುಕೊಂಡನು. ಎಡಗಡೆಯದನ್ನೇಕೆ ಬಿಟ್ಟೆಯೆಂದು ಕೇಳಿದರೆ, "ಆ ಕಡೆ ಮೊಣಕಾಲುದ್ದ ಕೆಸರು ಸಾರ್, ಒಂದು ಕಡೆ ಹಾಕಿದರೆ ಅರ್ಧ ಫೋರ್ ವ್ಹೀಲ್ ಆದರೂ ಬರುತ್ತೆ" ಎಂದನು. ಅರ್ಧವೂ ಬರಲಿಲ್ಲ, ಕಾಲೂ ಬರಲಿಲ್ಲ. ಡಿಫರೆನ್ಷಿಯಲ್ ಎಂಬ ಯಂತ್ರಭಾಗವು ತನ್ನ ಎರಡು ಕಡೆಗೂ ಸಮಾನವಾದ ಬಲವನ್ನೇ ಹಂಚತಕ್ಕದ್ದಾದುದರಿಂದ, ಬೀಗ ಬೀಳದ ಎಡಗಡೆಯ ಆಕ್ಸಲ್ಲು ಯಾವ ಪ್ರತಿರೋಧವೂ ಇಲ್ಲದೆ ಗಿರ್ರನೆ ಸುತ್ತತೊಡಗಿದ ಮೇಲೆ ಬೀಗ ಬಿದ್ದ ಬಲಗಡೆಗೂ ದಕ್ಕಿದ ಬಲ ಶೂನ್ಯಪ್ರಾಯವಾಯಿತು. ಕೊನೆಗೆ ಅವನು ಕೆಸರಿಗಿಳಿಯಲೇಬೇಕಾಯಿತು.

ಅವನನ್ನು ಕಂಡು ನಕ್ಕವರಲ್ಲಿ ನಾನೂ ಒಬ್ಬನೆಂಬುದು ನಿಜವಾದರೂ, ಸಾವಿರಾರು ರೂಪಾಯಿ ವೆಚ್ಚಮಾಡಿ ತಮ್ಮ ವಾಹನದ ಆಟೊ ಹಬ್‌ಗಳನ್ನು ಕಿತ್ತು ಮ್ಯಾನುಯಲ್ ಹಬ್‌ಗಳನ್ನು ಹಾಕಿಸುವ ವಿದ್ಯಾವಂತರು ಅದೇ ಹಬ್ಬಿನ ವಿಷಯದಲ್ಲಿ ಇಟ್ಟುಕೊಂಡಿರುವ ನಂಬಿಕೆಗಳನ್ನು ಕೇಳಿದಮೇಲೆ ಆ ನಗು ಅಷ್ಟು ನ್ಯಾಯವಾದುದಲ್ಲವೆನ್ನಿಸಿದೆ.

ಎತ್ತಿನ ಗಾಡಿಯವರು ಗುಂಬವೆಂದು ಕರೆಯುವ ಚಕ್ರದ ನಡುಭಾಗವೇ ಹಬ್. ಎರಡನೆಯ ಮಹಾಯುದ್ಧದ ಜೀಪಿನಲ್ಲಿ ಮುಂದಿನ ಆಕ್ಸಲ್ಲು ಈ ಗುಂಬಕ್ಕೆ ಶಾಶ್ವತವಾಗಿ ಬಿಗಿಯಲ್ಪಟ್ಟಿದ್ದುದರಿಂದ, ಎಂಜಿನ್ನು ಹಿಂದಿನ ಚಕ್ರಗಳನ್ನು ಮಾತ್ರ ನಡೆಸುತ್ತಿದ್ದಾಗಲೂ, ಮುಂಚಕ್ರಗಳು ತಮ್ಮ ಆಕ್ಸಲ್ಲು, ಡಿಫರೆನ್ಷಿಯಲ್ಲು, ಪ್ರೊಪೆಲ್ಲರ್ ಶಾಫ್ಟು ಇಷ್ಟನ್ನೂ ವ್ಯರ್ಥವಾಗಿ ಸುತ್ತಿಸಿಕೊಂಡು ಹೋಗಬೇಕಾಗಿತ್ತು. ಯುದ್ಧ ಮುಗಿದು ಆ ಜೀಪುಗಳು ನಾಗರಿಕರ ಕೈಗೆ ಬಂದಾಗ, ಅಮೆರಿಕದ ಆರ್ಥರ್ ವಾರ್ನ್ ಎಂಬಾತನು 1948ರಲ್ಲಿ, ಬೇಕಾದಾಗ ಕೈಯಿಂದ ತಿರುಗಿಸಿ ಕೂಡಿಸಲೂ ಬೇಡವಾದಾಗ ಬಿಡಿಸಲೂ ಆಗುವ ಹಬ್ಬನ್ನು ತಯಾರಿಸಿ ಮಾರಲಾರಂಭಿಸಿದನು. ಮಳೆಯಲ್ಲಿ ಇಳಿಯುವ ಕಷ್ಟವೂ ಬೇಡವೆಂಬವರಿಗಾಗಿ ಆಟೊ ಹಬ್‌ಗಳು ತರುವಾಯ ಬಂದವು: ಕೆಲವು ಆಕ್ಸಲ್ಲು ತಿರುಗತೊಡಗಿದೊಡನೆ ಒಳಗಿನ ಕ್ಯಾಮ್‌ನಿಂದ ತಾವಾಗಿ ಕೂಡಿಕೊಳ್ಳತಕ್ಕವು, ಇನ್ನು ಕೆಲವು ಎಂಜಿನ್ನಿನ ಕಡೆಯಿಂದ ಕೊಳವೆಯ ಮೂಲಕ ಬರುವ ನಿರ್ವಾತದ ಸೆಳೆತಕ್ಕೆ ಕೂಡಿಕೊಳ್ಳತಕ್ಕವು. ನಮ್ಮಲ್ಲಿ 2010ರಲ್ಲಿ ಬಂದ ಥಾರ್ ಸಿಆರ್‌ಡಿಇ ಎಂಬ ವಾಹನದಲ್ಲಿಯೂ ಆಟೊ ಹಬ್‌ಗಳೇ ಇದ್ದವು. ಮಲೆನಾಡಿನ ಏರಿಳಿತಗಳಲ್ಲಿ ಅವನ್ನು ನೆಚ್ಚಲಾರದೆ ಮ್ಯಾನುಯಲ್ ಹಾಕಿಸಿಕೊಂಡವರುಂಟು.

ಹೀಗೆ ಹಾಕಿಸಿಕೊಂಡವರ ಮೊದಲನೆಯ ಭ್ರಮೆ, ಹಬ್ಬನ್ನು ಲಾಕ್ ಮಾಡಿದರೆ ಫೋರ್ ವ್ಹೀಲ್ ಆಯಿತೆಂಬುದು. ಹಬ್ಬು ಆಕ್ಸಲ್ಲನ್ನೂ ಚಕ್ರವನ್ನೂ ಕೂಡಿಸುತ್ತದೆ, ಅಷ್ಟೆ. ಎಂಜಿನ್ನಿನ ಬಲವನ್ನು ಮುಂದಕ್ಕೆ ಕಳುಹಿಸುವುದು ಚಾಲಕನ ಪಕ್ಕದ ಟ್ರಾನ್ಸ್‌ಫರ್ ಗೇರಿನ ಕೆಲಸ. ಇದರ ಬೆನ್ನಿಗೇ ಹುಟ್ಟಿದ ಇನ್ನೊಂದು ಭಯವೆಂದರೆ, ಲಾಕ್ ಮಾಡಿದ ಹಬ್‌ಗಳೊಡನೆ ಡಾಂಬರು ರಸ್ತೆಗೆ ಬಂದರೆ ಏನೋ ಮುರಿಯುತ್ತದೆಂಬುದು. ಗೇರು ಟು ವ್ಹೀಲ್‌ನಲ್ಲಿಯೇ ಇದ್ದರೆ ಏನೂ ಮುರಿಯದು. ಯುದ್ಧಕಾಲದ ಜೀಪು ತನ್ನ ಆಯುಷ್ಯವನ್ನೆಲ್ಲ ಹಾಗೆಯೇ ಕಳೆಯಿತು. ಒಣ ಡಾಂಬರಿನ ಮೇಲೆ ಅಪಾಯವಿರುವುದು ಗೇರನ್ನು ಫೋರ್ ವ್ಹೀಲ್‌ಗೆ ಹಾಕಿ ತಿರುವು ಹೊರಳಿಸಿದಾಗ: ಮುಂಚಕ್ರಗಳು ಹಿಂಚಕ್ರಗಳಿಗಿಂತ ದೊಡ್ಡ ವೃತ್ತದಲ್ಲಿ ಸಾಗಬೇಕಾಗಿದ್ದು, ಎರಡರ ನಡುವೆ ಆ ವ್ಯತ್ಯಾಸವನ್ನು ನುಂಗಿಕೊಳ್ಳುವ ಡಿಫರೆನ್ಷಿಯಲ್ಲು ಇಂಥ ವಾಹನಗಳಲ್ಲಿ ಇಲ್ಲದಿರುವುದರಿಂದ, ಕೆಸರಿನಲ್ಲಿ ಚಕ್ರ ಜಾರಿ ಸರಿಹೋಗುತ್ತಿದ್ದ ಸೆಣಸಾಟವು ಡಾಂಬರಿನ ಹಿಡಿತದಲ್ಲಿ ಶಾಫ್ಟುಗಳ ಮೇಲೆಯೇ ಬೀಳುತ್ತದೆ. ಆದುದರಿಂದ ಬುದ್ಧಿವಂತನಾದ ಚಾಲಕನು, ಕೆಸರು ಶುರುವಾಗುವುದಕ್ಕೆ ಮುಂಚೆಯೇ, ಒಣನೆಲದ ಮೇಲೆ ಕಾಲು ತೋಯಿಸದೆ, ಎರಡೂ ಹಬ್‌ಗಳನ್ನು ತಿರುಗಿಸಿಟ್ಟು ಗೇರನ್ನು ಮಾತ್ರ ಸಮಯಕ್ಕೆ ಕಾದಿರಿಸುತ್ತಾನೆ. ಮ್ಯಾನುಯಲ್ ಹಾಕಿಸಿದರೆ ಪದೇ ಪದೇ ಕೆಸರಿಗಿಳಿಯಬೇಕೆಂಬ ದೂರು ಇಲ್ಲಿಗೆ ಮುಗಿಯಿತು.

ಹಬ್ ಲಾಕನ್ನು ಡಿಫ್ ಲಾಕೆಂದು ತಿಳಿಯುವವರಿಗೆ ಒಂದೇ ಮಾತು: ಮೊದಲನೆಯದು ಚಕ್ರಕ್ಕೂ ಆಕ್ಸಲ್ಲಿಗೂ ಹಾಕುವ ಗಂಟು, ಎರಡನೆಯದು ಎಡಬಲದ ಆಕ್ಸಲ್ಲುಗಳಿಗೆ ಪರಸ್ಪರ ಹಾಕುವ ಗಂಟು. ಎರಡು ಹಬ್‌ಗಳೂ ಲಾಕ್ ಆಗಿದ್ದರೂ, ಡಿಫ್ ಲಾಕ್ ಇಲ್ಲದ ವಾಹನದಲ್ಲಿ ಮುಂದೊಂದು ಹಿಂದೊಂದು ಚಕ್ರ ಗಾಳಿಗೆ ಎದ್ದರೆ ಅಲ್ಲಿಯೇ ನಿಲ್ಲಬೇಕಾದೀತು.

ಇಂಧನದ ವಿಷಯದಲ್ಲಿ ಹೇಳುವ ಕಥೆಗಳಂತೂ ವಿನೋದಕರವಾಗಿವೆ. ಮ್ಯಾನುಯಲ್ ಹಾಕಿಸಿದ ಮೇಲೆ ಮೈಲೇಜು ಏರಿತೆಂದು ಪ್ರಮಾಣಮಾಡಿ ಹೇಳುವವರನ್ನು ಕಂಡಿದ್ದೇನೆ. ಸರಿಯಾಗಿರುವ ಆಟೊ ಹಬ್ಬೂ ಬಿಡಿಸಿಕೊಂಡಾಗ ಚಕ್ರವನ್ನು ಆಕ್ಸಲ್ಲಿನಿಂದ ಅಷ್ಟೇ ಪೂರ್ಣವಾಗಿ ಬೇರ್ಪಡಿಸುವುದರಿಂದ, ಒಂದರ ಸ್ಥಾನದಲ್ಲಿ ಇನ್ನೊಂದನ್ನು ಇರಿಸಿದರೆ ಉಳಿತಾಯಕ್ಕೆ ಕಾರಣವೇ ಇಲ್ಲ. ಅಂಥ ಲಾಭವೇನಾದರೂ ಇದ್ದರೆ, ಅದೂ ಸ್ವಲ್ಪವೇ, ಹಬ್ಬೇ ಇಲ್ಲದೆ ಆಕ್ಸಲ್ಲು ಸದಾ ಬಿಗಿದಿರುವ ಹಳೆಯ ಜೀಪಿನವರಿಗೆ.

ಹಾಗಾದರೆ ಆಟೊ ಹಬ್ಬಿನ ನಿಜವಾದ ದೋಷವೇನು? ಕ್ಯಾಮ್‌ನಿಂದ ನಡೆಯುವ ಹಬ್ಬು, ಮುಂದಕ್ಕೆ ಹೋಗುತ್ತಿದ್ದ ವಾಹನವನ್ನು ಹಿಂದಕ್ಕೆ ತೆಗೆದಾಗ, ಒಮ್ಮೆ ಬಿಡಿಸಿಕೊಂಡು ಇನ್ನೊಂದು ದಿಕ್ಕಿಗೆ ಪುನಃ ಕೂಡಿಕೊಳ್ಳಬಹುದು. ಹೂತುಹೋದ ವಾಹನವನ್ನು ಹಿಂದೆ ಮುಂದೆ ತೂಗಿ ಎಬ್ಬಿಸುವಾಗಲೂ, ಕಡಿದಾದ ಇಳಿಜಾರಿನಲ್ಲಿ ಎಂಜಿನ್ನಿನ ತಡೆಯನ್ನೇ ನಂಬಿ ಇಳಿಯುವಾಗಲೂ, ಆ ಒಂದು ಕ್ಷಣದ ವಿಯೋಗ ದುಬಾರಿಯಾದೀತು. ಬಿಡಿಸಲು ಗೇರನ್ನು ಟು ವ್ಹೀಲ್‌ಗೆ ತಂದು ಕೆಲವು ಮೀಟರು ನೆಟ್ಟಗೆ ಹಿಂದಕ್ಕೆ ಹೋಗಬೇಕೆಂಬುದನ್ನು ಮರೆತು, ಹಬ್ಬು ಕೆಟ್ಟಿತೆಂದು ಮಿಸ್ತ್ರಿಯ ಬಳಿಗೆ ಓಡುವವರೂ ಇದ್ದಾರೆ. ನಿರ್ವಾತದ ಹಬ್ಬಿಗೆ ಬೇರೆಯ ಕಷ್ಟ: ಕೊಳವೆಯೋ ಸೀಲೋ ಬಿರುಕುಬಿಟ್ಟರೆ ಸೆಳೆತವಿಲ್ಲ. ಆದರೆ ಅದನ್ನು ಬದಲಾಯಿಸಿಯೇ ತೀರಬೇಕೆಂಬುದೂ ಅರ್ಧಸತ್ಯವೇ. ಅಮೆರಿಕದ ಫೋರ್ಡ್ ಸೂಪರ್ ಡ್ಯೂಟಿ ಟ್ರಕ್ಕಿನ ಇಂಥ ಹಬ್ಬಿನ ಮುಖದ ಮೇಲೆ ಆಟೊ, ಲಾಕ್ ಎಂಬ ಎರಡು ಸ್ಥಾನಗಳಿದ್ದು, ನಿರ್ವಾತ ಕೈಕೊಟ್ಟಾಗ ಕೈಯಿಂದಲೇ ತಿರುಗಿಸಿಕೊಳ್ಳಬಹುದೆಂಬುದನ್ನು ಅದರ ಒಡೆಯರಲ್ಲಿಯೇ ಕೆಲವರು ಗಮನಿಸಿರುವುದಿಲ್ಲ.

ಬದಲಾಯಿಸುವುದೇ ನಿಶ್ಚಯವಾದರೆ, ಅದು ನಾಲ್ಕು ಬೋಲ್ಟುಗಳ ಕೆಲಸವೆಂದು ಮಾತ್ರ ನಂಬಬೇಡಿ. ಆಕ್ಸಲ್ಲಿನ ತುದಿಯ ಹಲ್ಲುಗಳ ಎಣಿಕೆ ಹೊಸ ಹಬ್ಬಿಗೆ ಹೊಂದಬೇಕು; ಕೆಲವು ವಾಹನಗಳಲ್ಲಿ ಹಳೆಯ ಕ್ಯಾಮ್ ತೆಗೆದಮೇಲೆ ಬೇರಿಂಗನ್ನು ಹಿಡಿದಿಡುವ ನಟ್ಟು, ವಾಷರುಗಳೂ ಬದಲಾಗಬೇಕು; ಬೇರಿಂಗಿನ ಬಿಗಿಯನ್ನು ಪುನಃ ಸರಿಹೊಂದಿಸಬೇಕು. ಬೇರಿಂಗಿಗೆ ಗ್ರೀಸು ಧಾರಾಳವಾಗಿರಲಿ, ಹಬ್ಬಿನ ಒಳಯಂತ್ರಕ್ಕೆ ಮಾತ್ರ ಲೇಪದಷ್ಟೇ ಸಾಕು. ಉದಾರಿಯಾದ ಮಿಸ್ತ್ರಿ ಅಲ್ಲಿಯೂ ಗ್ರೀಸು ತುಂಬಿಬಿಟ್ಟರೆ ಜಾರಬೇಕಾದ ಬಳೆ ಜಾರದೆ ನಿಲ್ಲುತ್ತದೆ. ಮ್ಯಾನುಯಲ್ ಎಂದಮಾತ್ರಕ್ಕೆ ಗಟ್ಟಿಯೆಂದೂ ಇಲ್ಲ. ಅಗ್ಗದ ಮಾಲು ಒಳ್ಳೆಯ ಆಟೊ ಹಬ್ಬಿಗಿಂತ ಮುಂಚೆಯೇ ಮುರಿದೀತು.

ಹಣ ತೆರುವುದಕ್ಕೆ ಮೊದಲು ಒಂದು ಪರೀಕ್ಷೆ ಮಾಡಿ ನೋಡಿ. ಸಡಿಲ ಮಣ್ಣಿನ ಮೇಲೆ ಫೋರ್ ವ್ಹೀಲ್‌ನಲ್ಲಿ ನಾಲ್ಕು ಮಾರು ಮುಂದಕ್ಕೆ ಹೋಗಿ ನಿಲ್ಲಿಸಿ, ಎಂಜಿನ್ನು ಆರಿಸಿ, ಗೇರಿನಲ್ಲಿಯೇ ಬಿಟ್ಟು, ಹಿಂಚಕ್ರಗಳಿಗೆ ಕಲ್ಲು ಕೊಟ್ಟು, ಮುಂದಿನ ಒಂದು ಚಕ್ರವನ್ನು ಜಾಕಿನಿಂದ ಎತ್ತಿ ಕೈಯಿಂದ ತಿರುಗಿಸಿ; ಆಮೇಲೆ ಇನ್ನೊಂದನ್ನು. ಎರಡೂ ಬಿಗಿಯಾಗಿ ನಿಂತರೆ ನಿಮ್ಮ ಆಟೊ ಹಬ್‌ಗಳು ಇನ್ನೂ ಕೆಲಸ ಮಾಡುತ್ತಿವೆ, ದುಡ್ಡು ಜೇಬಿನಲ್ಲಿರಲಿ.