ಸುಲೈಬಿಯಾದ ಕ್ಯಾಂಪ್ ಅಂಗಳಕ್ಕೆ ಬರುವ ಕಿರೀಟದ ಹಕ್ಕಿ: ನೋಡಿ ಖುಷಿಪಡಿ, ಹಿಡಿಯಲು ಹೋಗಬೇಡಿ

ಫೆಬ್ರವರಿ ಬಂತೆಂದರೆ ಸುಲೈಬಿಯಾ ಕಡೆ ಕೆಲಸ ಮಾಡುವ ನಮ್ಮವರ ವಾಟ್ಸಾಪ್ ಗುಂಪುಗಳಲ್ಲಿ ಒಂದು ಹಕ್ಕಿಯ ಫೋಟೋ ಓಡಾಡಲು ಶುರುವಾಗುತ್ತದೆ. ತಲೆಯ ಮೇಲೆ ಬೀಸಣಿಗೆಯಂತೆ ಬಿಚ್ಚಿಕೊಳ್ಳುವ ಜುಟ್ಟು, ಕಿತ್ತಳೆ ಬೆರೆತ ಕಂದು ಮೈ, ರೆಕ್ಕೆಯ ಮೇಲೆ ಕಪ್ಪು ಬಿಳುಪು ಪಟ್ಟೆ, ಕೆಳಕ್ಕೆ ಬಾಗಿದ ಉದ್ದ ಕೊಕ್ಕು. "ಇದ್ಯಾವ ಹಕ್ಕಿ ಮಾರಾಯ್ರೆ?" ಅಂತ ಒಬ್ಬರು ಕೇಳಿದರೆ, "ಮರಕುಟಿಗ" ಅಂತ ಕೂಡಲೇ ಇನ್ನೊಬ್ಬರ ಉತ್ತರ. ಮೂರನೆಯವರು, "ಯಾರದೋ ಪಂಜರದಿಂದ ತಪ್ಪಿಸಿಕೊಂಡ ದುಬಾರಿ ಹಕ್ಕಿ ಇರಬೇಕು, ಹಿಡಿದರೆ ದುಡ್ಡಾಗುತ್ತೆ" ಅಂತ ಸಲಹೆ ಕೊಡುತ್ತಾರೆ. ಈ ಮೂರನೆಯವರಿಗಾಗಿಯೇ ಇದನ್ನು ಬರೆಯಬೇಕು ಅನ್ನಿಸಿತು. ಅವರ ಮಾತು ಕೇಳಿ ಯಾರಾದರೂ ಬಲೆ ಬೀಸಿದರೆ ಹಕ್ಕಿಯ ಜೊತೆ ಮನುಷ್ಯನೂ ಸಿಕ್ಕಿಬೀಳುತ್ತಾನೆ.

ಇದು ಮರಕುಟಿಗ ಅಲ್ಲ, ಪಂಜರದ ಹಕ್ಕಿಯೂ ಅಲ್ಲ. ಕನ್ನಡದಲ್ಲಿ ಇದರ ಹೆಸರು ಚಂದ್ರಮುಕುಟ. ಇಂಗ್ಲಿಷಿನವರು ಹೂಪೂ ಅನ್ನುತ್ತಾರೆ, ಅರಬ್ಬಿಯಲ್ಲಿ ಹುದ್‌ಹುದ್, ವಿಜ್ಞಾನದ ಪುಸ್ತಕದಲ್ಲಿ ಉಪುಪ ಎಪೊಪ್ಸ್. ಈ ಹೆಸರುಗಳನ್ನೆಲ್ಲ ಒಮ್ಮೆ ಬಾಯಿಬಿಟ್ಟು ಹೇಳಿ ನೋಡಿ. ಎಲ್ಲವೂ ಹಕ್ಕಿಯ ಕೂಗಿನಿಂದಲೇ ಬಂದವು: ಹೂಪ್, ಹೂಪ್, ಹೂಪ್. ನಾವು ಕನ್ನಡದವರು ಮಾತ್ರ ಕೂಗನ್ನು ಬಿಟ್ಟು ತಲೆಯ ಕಿರೀಟ ನೋಡಿ ಹೆಸರಿಟ್ಟಿದ್ದೇವೆ. ನನ್ನ ಮಟ್ಟಿಗೆ ನಮ್ಮದೇ ಚೆಂದ.

ನಾನು ಪಕ್ಷಿತಜ್ಞನಲ್ಲ. ಬಿ.ಕಾಂ. ಮುಗಿಸಿ ಲೆಕ್ಕ ಬರೆಯಲು ಬಂದವನು, ಈಗಲೂ ಅದೇ ಕೆಲಸ. ಆದರೆ ದಿನಾಂಕ ಬರೆದಿಡುವುದು ಕೈಗೆ ಹತ್ತಿದ ಚಟ. ನಮ್ಮ ಗೋಡೌನ್ ಹಿಂದಿನ ಖಾಲಿ ಜಾಗಕ್ಕೆ ಚಂದ್ರಮುಕುಟ ಬಂದ ದಿನವನ್ನು ಕೆಲವು ವರ್ಷಗಳಿಂದ ಡೈರಿಯ ಕೊನೆ ಪುಟದಲ್ಲಿ ಗುರುತು ಹಾಕುತ್ತಾ ಬಂದಿದ್ದೇನೆ. ಫೆಬ್ರವರಿಯಿಂದ ಏಪ್ರಿಲ್ ತನಕ ಒಂದು ಸರದಿ, ಆಗಸ್ಟ್ ನಂತರ ಅಕ್ಟೋಬರ್ ತನಕ ಇನ್ನೊಂದು. ನಡುವೆ ಅಪರೂಪಕ್ಕೆ ಒಂದೊಂದು.

ಲೆಕ್ಕ ಸರಳ. ಇವು ಹಾದಿಹೋಕ ಹಕ್ಕಿಗಳು. ಚಳಿಗಾಲವನ್ನು ಆಫ್ರಿಕಾದಂಥ ಬೆಚ್ಚಗಿನ ಕಡೆ ಕಳೆದು, ವಸಂತದಲ್ಲಿ ಮರಿ ಮಾಡಲು ಉತ್ತರದ ಕಡೆ, ಯುರೋಪು, ಮಧ್ಯ ಏಷ್ಯಾದ ಕಡೆ ಹೋಗುತ್ತವೆ. ಕುವೈತ್ ಅವುಗಳ ದಾರಿಯಲ್ಲಿ ಸಿಗುವ ತಂಗುದಾಣ. ಮೈನಾ ಗಾತ್ರದ, ನೂರು ಗ್ರಾಂ ಕೂಡ ತೂಗದ ಹಕ್ಕಿ ಇಷ್ಟು ದೂರ ಹೋಗುತ್ತೆ ಅಂದರೆ ನಂಬುವುದು ಕಷ್ಟ. ಎವರೆಸ್ಟಿಗೆ ಹೊರಟ ಮೊದಲ ಶೋಧಯಾತ್ರೆಯ ತಂಡದವರು ಸುಮಾರು 6,400 ಮೀಟರ್ ಎತ್ತರದಲ್ಲಿ ಹಾರುತ್ತಿದ್ದ ಚಂದ್ರಮುಕುಟವನ್ನು ಕಂಡಿದ್ದರಂತೆ. ನಾವು ಎರಡು ವರ್ಷಕ್ಕೊಮ್ಮೆ ಟಿಕೆಟ್ ಸಿಕ್ಕಿದರೆ ಊರಿಗೆ ಹೋಗುವವರು, ಇದು ವರ್ಷಕ್ಕೆ ಎರಡು ಸಲ ಪ್ರಯಾಣ, ಅದೂ ಸ್ವಂತ ರೆಕ್ಕೆಯಲ್ಲಿ.

ಹಾಗಾದರೆ ಸುಲೈಬಿಯಾವೇ ಯಾಕೆ? ಕುವೈತ್‌ನ ಬಹಳ ಜನರಿಗೆ ಸುಲೈಬಿಯಾ ಅಂದರೆ ತರಕಾರಿಯ ಹೋಲ್‌ಸೇಲ್ ಮಾರ್ಕೆಟ್, ಗೋಡೌನ್, ಗ್ಯಾರೇಜ್, ಡೈರಿ ಫಾರ್ಮಿನ ವಾಸನೆ, ಆರನೇ ರಿಂಗ್ ರೋಡಿನ ಲಾರಿಗಳು. ಹಕ್ಕಿ ನೋಡುವವರಿಗೆ ಮಾತ್ರ ಅದು ಬೇರೆಯೇ ಊರು. ಇಲ್ಲಿ ನೀರಿದೆ. ಕುವೈತ್‌ನಲ್ಲಿ ವರ್ಷಕ್ಕೆ ಸರಾಸರಿ 120 ಮಿಲಿಮೀಟರ್ ಆಸುಪಾಸು ಮಳೆ. ನಮ್ಮ ಉಡುಪಿಯಲ್ಲಿ ಜುಲೈ ಒಂದೇ ತಿಂಗಳಲ್ಲಿ 1,000 ದಾಟುತ್ತದೆ. ಇಂಥ ಒಣ ದೇಶದಲ್ಲಿ ಸುಲೈಬಿಯಾದಲ್ಲಿ ಕೊಳಚೆ ನೀರು ಶುದ್ಧೀಕರಿಸುವ ಬೃಹತ್ ಸ್ಥಾವರ ಇದೆ. 2000ರ ದಶಕದ ಮಧ್ಯದಲ್ಲಿ ಶುರುವಾದಾಗಲೇ ಅದರ ಸಾಮರ್ಥ್ಯ ದಿನಕ್ಕೆ 3,75,000 ಘನ ಮೀಟರ್, ಅಂದರೆ 37.5 ಕೋಟಿ ಲೀಟರ್. ಆಮೇಲೆ ಅದನ್ನು ಇನ್ನೂ ದೊಡ್ಡದು ಮಾಡಿದ್ದಾರೆ. ರಿವರ್ಸ್ ಆಸ್ಮೋಸಿಸ್ ವಿಧಾನದಲ್ಲಿ, ಅಂದರೆ ನಮ್ಮ ಮನೆಯ ಆರ್‌ಒ ಫಿಲ್ಟರ್ ಥರವೇ, ನೀರನ್ನು ಸೋಸುವ ಜಗತ್ತಿನ ಅತಿ ದೊಡ್ಡ ಸ್ಥಾವರಗಳಲ್ಲಿ ಇದೂ ಒಂದು. ಹೀಗೆ ಶುದ್ಧವಾದ ನೀರು ಹೊಲಗಳಿಗೆ ಹೋಗುತ್ತದೆ. ಮೇಲಿಂದ ನೋಡಿದರೆ ದೋಸೆ ಹೊಯ್ದ ಹಾಗೆ ದುಂಡಗೆ ಕಾಣುವ ಹಸಿರು ಹೊಲಗಳಿವೆಯಲ್ಲ, ಉದ್ದನೆಯ ಪೈಪು ಗಡಿಯಾರದ ಮುಳ್ಳಿನಂತೆ ತಿರುಗುತ್ತಾ ನೀರು ಚಿಮುಕಿಸುತ್ತದೆಯಲ್ಲ, ಅವು ಸುಲೈಬಿಯಾದ ಪಿವೋಟ್ ಹೊಲಗಳು. ದನಗಳ ಮೇವಿಗೆ ಬೆಳೆಯುವ ಜತ್ ಹುಲ್ಲು ಇಂಥ ಹೊಲಗಳದ್ದೇ. ಹೊರದೇಶದ ಪಕ್ಷಿವೀಕ್ಷಕರು ವಿಮಾನ ಹತ್ತಿ ಇದನ್ನು ನೋಡಲು ಬರುತ್ತಾರೆ. ನಾವು ಪಕ್ಕದಲ್ಲೇ ಇದ್ದು ಮೂಗು ಮುಚ್ಚಿಕೊಂಡು ಬಸ್ಸಿನಲ್ಲಿ ದಾಟುತ್ತೇವೆ.

ನೀರು ಬಿದ್ದಲ್ಲಿ ಮಣ್ಣು ಮೆತ್ತಗಾಗುತ್ತದೆ, ಮಣ್ಣು ಮೆತ್ತಗಾದಲ್ಲಿ ಹುಳು. ಚಂದ್ರಮುಕುಟಕ್ಕೆ ಬೇಕಾದದ್ದು ಅಷ್ಟೇ. ಆ ಬಾಗಿದ ಕೊಕ್ಕನ್ನು ಹೊಲಿಗೆ ಸೂಜಿಯಂತೆ ನೆಲಕ್ಕೆ ಚುಚ್ಚುತ್ತಾ ನಡೆಯುತ್ತದೆ. ಕೊಕ್ಕಿನ ಸ್ನಾಯುಗಳು ಎಷ್ಟು ಗಟ್ಟಿ ಅಂದರೆ ಮಣ್ಣಿನ ಒಳಗೇ ಅದನ್ನು ಅಗಲಿಸಿ ಹುಳುವನ್ನು ಹಿಡಿಯಬಲ್ಲದು. ನಾಲಿಗೆ ಮಾತ್ರ ಗಿಡ್ಡ. ಹಾಗಾಗಿ ಹಿಡಿದ ಹುಳುವನ್ನು ಮೇಲಕ್ಕೆ ಎಸೆದು ಗಂಟಲಿಗೆ ಬೀಳುವಂತೆ ನುಂಗುತ್ತದೆ, ನಾವು ಕಡಲೆಬೀಜ ಎಸೆದು ಬಾಯಲ್ಲಿ ಹಿಡಿಯುತ್ತೇವಲ್ಲ ಹಾಗೆ. ಬೆಳೆ ತಿನ್ನುವ ಹುಳುಗಳನ್ನೇ ತಿನ್ನುವುದರಿಂದ ರೈತನಿಗೆ ಇದು ಸಂಬಳವಿಲ್ಲದ ಕೆಲಸಗಾರ.

ಹೊಲಕ್ಕೇ ಹೋಗಬೇಕು ಅಂತೇನಿಲ್ಲ. ಕ್ಯಾಂಪಿನ ಟ್ಯಾಂಕ್ ಸೋರುವ ಮೂಲೆ, ಎಸಿ ನೀರು ತೊಟ್ಟಿಕ್ಕುವ ಗೋಡೆಬದಿ, ಬೀದಿಯ ಕುಡಿಯುವ ನೀರಿನ ಕೂಲರ್ ಕೆಳಗಿನ ಒದ್ದೆ, ಮಸೀದಿ ಎದುರಿನ ಚೂರು ಹುಲ್ಲು, ಇಂಥಲ್ಲೆಲ್ಲ ಬರುತ್ತದೆ. ಬೆಳಿಗ್ಗೆ ಡ್ಯೂಟಿ ಬಸ್ ಬರುವ ಹೊತ್ತು ಅದಕ್ಕೂ ಡ್ಯೂಟಿ. ಕೆಳಗೆ ಇಳಿದ ಕ್ಷಣ ಜುಟ್ಟನ್ನು ಪಟಕ್ಕನೆ ಬಿಚ್ಚಿ ಮಡಚುತ್ತದೆ, ಗಾಬರಿಯಾದಾಗಲೂ ಬಿಚ್ಚುತ್ತದೆ. ಹಾರುವಾಗ ರೆಕ್ಕೆ ಬಡಿಯುವುದು ದೊಡ್ಡ ಚಿಟ್ಟೆಯಂತೆ. ನೀವು ಹತ್ತಿಪ್ಪತ್ತು ಹೆಜ್ಜೆ ದೂರದಲ್ಲಿ ಅಲುಗಾಡದೆ ಕೂತರೆ ಅದು ನಿಮ್ಮನ್ನು ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ.

ಒಂದು ವಿಷಯ ಮುಖ್ಯವಾಗಿ ಗೊತ್ತಿರಲಿ. ಕಳೆದ ವರ್ಷ ಕುಂದಾಪುರ ಕಡೆಯ ನಮ್ಮ ಡ್ರೈವರ್ ಹುಡುಗ ಓಡಿ ಬಂದು, "ಸಾರ್, ಹಕ್ಕಿಗೆ ಏನೋ ಆಯ್ತು, ರೆಕ್ಕೆ ಮುರಿದು ಬಿದ್ದಿದೆ, ಬಟ್ಟೆ ಹಾಕಿ ಎತ್ತಿಕೊಂಡು ಬರ್ಲಾ?" ಅಂದ. ಹೋಗಿ ನೋಡಿದರೆ ಚಂದ್ರಮುಕುಟ ರೆಕ್ಕೆ, ಬಾಲ ಎರಡನ್ನೂ ನೆಲಕ್ಕೆ ಚಪ್ಪಟೆಯಾಗಿ ಹರಡಿ, ಕೊಕ್ಕನ್ನು ಮೇಲಕ್ಕೆತ್ತಿ ಮಲಗಿತ್ತು. ಸ್ವಲ್ಪ ತಾಳು ಅಂದೆ. ಎರಡು ನಿಮಿಷಕ್ಕೆ ಎದ್ದು ಮೈ ಕೊಡವಿ ಹುಳು ಹುಡುಕಲು ಹೊರಟಿತು. ಅದು ಬಿಸಿಲು ಕಾಯಿಸುವ ಭಂಗಿ. ಈ ಹಕ್ಕಿಗಳು ಹಾಗೇ ಮಾಡುತ್ತವೆ. ಗಾಯವಾಗಿದೆ ಅಂತ ಕನಿಕರದಿಂದ ಎತ್ತಲು ಹೋದರೇ ನಿಜವಾಗಿ ಗಾಯವಾಗುವುದು. "ಇದಕ್ಕೆ ಈ ಬಿಸಿಲೂ ಸಾಕಾಗ್ಲಿಲ್ವಾ ಸಾರ್?" ಅಂತ ಆ ಹುಡುಗ ಕೇಳಿದ್ದಕ್ಕೆ ನನ್ನ ಬಳಿ ಉತ್ತರ ಇರಲಿಲ್ಲ.

ಅರಬ್ಬರಿಗೆ ಹುದ್‌ಹುದ್ ಬಗ್ಗೆ ಇರುವ ಗೌರವ ನಮ್ಮವರಿಗೆ ತಿಳಿದಿದ್ದರೆ ಒಳ್ಳೆಯದು. ಕುರ್‌ಆನ್‌ನ ಅನ್ನಮ್ಲ್ ಅಧ್ಯಾಯದಲ್ಲಿ ಪ್ರವಾದಿ ಸುಲೈಮಾನರಿಗೆ ಸಬಾ ದೇಶದ ರಾಣಿಯ ಸುದ್ದಿ ತಂದ ಹಕ್ಕಿ ಇದೇ. ಪರ್ಷಿಯಾದ ಕವಿ ಅತ್ತಾರರ ಪ್ರಸಿದ್ಧ ಕಾವ್ಯದಲ್ಲಿ ಹಕ್ಕಿಗಳ ದಂಡಿಗೆ ದಾರಿ ತೋರುವ ನಾಯಕನೂ ಇದೇ. ಕೊಲ್ಲಬಾರದು ಎಂದು ಹದೀಸ್‌ನಲ್ಲಿ ಹೆಸರಿಸಿರುವ ನಾಲ್ಕು ಜೀವಿಗಳಲ್ಲಿ ಇರುವೆ, ಜೇನುನೊಣ, ಕಳಿಂಗ ಹಕ್ಕಿಯ ಜೊತೆ ಹುದ್‌ಹುದ್ ಕೂಡ ಸೇರಿದೆ. ಇಷ್ಟಿದ್ದೂ ಮಾಟ ಮಂತ್ರಕ್ಕೆ, ನಾಟಿ ಔಷಧಿಗೆ ಅಂತ ಇದನ್ನು ಹಿಡಿಯುವವರು ಹಲವು ದೇಶಗಳಲ್ಲಿದ್ದಾರೆ. "ದುಡ್ಡಾಗುತ್ತೆ" ಅನ್ನುವ ಮಾತಿನ ಮೂಲ ಅಲ್ಲಿದೆ.

ಈಗ ಕಾನೂನಿಗೆ ಬರೋಣ. ಕುವೈತ್‌ನ ಪರಿಸರ ಸಂರಕ್ಷಣಾ ಕಾನೂನು, 2014ರ 42ನೇ ಕಾನೂನು, ಕಾಡುಪ್ರಾಣಿ ಪಕ್ಷಿಗಳನ್ನು ಬೇಟೆಯಾಡುವುದು, ಕೊಲ್ಲುವುದು, ಹಿಡಿಯುವುದನ್ನು ನಿಷೇಧಿಸುತ್ತದೆ. ದಂಡವೂ ಇದೆ, ಜೈಲೂ ಇದೆ. ಇದನ್ನು ನೋಡಿಕೊಳ್ಳಲು ಪರಿಸರ ಪೊಲೀಸ್ ಅಂತಲೇ ಒಂದು ವಿಭಾಗ ಇದೆ. ಇಲ್ಲಿನವರಿಗೆ ಕೇಸ್ ಆದರೆ ವಕೀಲರನ್ನಿಟ್ಟು ಮನೆಯಿಂದ ಓಡಾಡುತ್ತಾರೆ. ನಮ್ಮ ಕಥೆ ಹಾಗಲ್ಲ. ಕೇಸ್ ಅಂದ ಕೂಡಲೇ ಇಕಾಮಾ, ಕೆಲಸ, ರಜೆ ಎಲ್ಲ ತೂಗಾಡಲು ಶುರು. 120 ದಿನಾರ್ ಸಂಬಳದಲ್ಲಿ ಊರಿನ ಮನೆ ಸಾಲ ಕಟ್ಟುತ್ತಿರುವ ಹುಡುಗ ಒಂದು ಹಕ್ಕಿಗಾಗಿ ಆ ಅಪಾಯ ತೆಗೆದುಕೊಳ್ಳುವುದು ಯಾವ ಲೆಕ್ಕದಲ್ಲೂ ಕೂಡುವುದಿಲ್ಲ. ಬಲೆಯಲ್ಲಿ ಸಿಕ್ಕ ಹಕ್ಕಿಯನ್ನು ಕೈಯಲ್ಲಿ ಹಿಡಿದು ರೀಲ್ಸ್ ಮಾಡಿ ಹಾಕುವುದಂತೂ ನಮ್ಮ ವಿರುದ್ಧ ನಾವೇ ಸಾಕ್ಷಿ ಬರೆದುಕೊಟ್ಟ ಹಾಗೆ. ಅಲ್ಲದೆ ಹಿಡಿದು ಪ್ರಯೋಜನವೂ ಇಲ್ಲ. ಕಾಳು, ಖುಬ್ಬೂಸ್, ಅನ್ನ ಯಾವುದನ್ನೂ ಚಂದ್ರಮುಕುಟ ತಿನ್ನುವುದಿಲ್ಲ. ಅದಕ್ಕೆ ಜೀವಂತ ಹುಳುವೇ ಬೇಕು. ಪಂಜರದಲ್ಲಿ ಹಸಿವಿನಿಂದ ಸಾಯುತ್ತದೆ.

ಬಲೆಗಿಂತ ಹೆಚ್ಚು ಹಕ್ಕಿಗಳು ನಮಗೆ ಗೊತ್ತಿಲ್ಲದೇ ಸಾಯುವುದು ಬೇರೆ ರೀತಿ. ಜಿರಳೆ, ಇಲಿ ಕಾಟ ಅಂತ ರೂಮಿನ ಹೊರಗೆ, ಚರಂಡಿ ಬದಿ ವಿಷದ ಪುಡಿ ಎರಚುತ್ತೇವೆ. ವಿಷ ತಿಂದ ಹುಳುವನ್ನು ಹಕ್ಕಿ ತಿನ್ನುತ್ತದೆ. ಇಲಿ ಹಿಡಿಯುವ ಅಂಟಿನ ಹಲಗೆಯನ್ನು ಬಯಲಲ್ಲಿ ಇಟ್ಟರೆ ಅದರ ಮೇಲಿನ ನೊಣಕ್ಕೆ ಆಸೆಪಟ್ಟು ಬಂದ ಹಕ್ಕಿಯ ಕಾಲು, ರೆಕ್ಕೆ ಅಂಟಿಕೊಳ್ಳುತ್ತದೆ. ಪುಡಿಯನ್ನೂ ಹಲಗೆಯನ್ನೂ ಒಳಗೆ, ಮುಚ್ಚಿದ ಜಾಗದಲ್ಲಿ ಮಾತ್ರ ಬಳಸಿ. ಉಳಿದ ಕಬ್ಸಾವನ್ನು ಹಕ್ಕಿಗೆ ಅಂತ ಹೊರಗೆ ಸುರಿಯುವುದರಿಂದ ಬೆಕ್ಕುಗಳ ಹಿಂಡು ಸೇರುತ್ತದೆ. ನೆಲದ ಮೇಲೆ ಓಡಾಡುವ ಹಕ್ಕಿಗೆ ಬೆಕ್ಕಿಗಿಂತ ದೊಡ್ಡ ಯಮ ಇಲ್ಲ.

ಹಕ್ಕಿ ಮತ್ತೆ ಮತ್ತೆ ಬರಬೇಕು ಅಂತಿದ್ದರೆ ನೀರು ಕೊಡಿ. ಹೆಚ್ಚೇನೂ ಬೇಡ, ಎರಡು ಬೆರಳು ಆಳದ ಅಗಲ ಬಟ್ಟಲು, ಅದರೊಳಗೆ ಒಂದು ಕಲ್ಲು, ಬೆಕ್ಕು ಅಡಗಲು ಜಾಗವಿಲ್ಲದ ನೆರಳು. ದಿನಾ ತೊಳೆದು ನೀರು ಬದಲಿಸಿ, ಇಲ್ಲವಾದರೆ ಸೊಳ್ಳೆ. ಪಕ್ಕದಲ್ಲಿ ಒಂದು ಚದರ ಮೀಟರ್ ಮಣ್ಣನ್ನು ಸಂಜೆ ಹೊತ್ತು ಒದ್ದೆ ಮಾಡಿದರೆ ಬೆಳಿಗ್ಗೆಗೆ ಹುಳು ಮೇಲೆ ಬಂದಿರುತ್ತದೆ. ಆಗಸ್ಟಿನಲ್ಲಿ ಬರುವ ಹಕ್ಕಿಗಳಿಗೆ ಇದು ದೊಡ್ಡ ಉಪಕಾರ. 2016ರ ಜುಲೈ 21ರಂದು ಇದೇ ಕುವೈತ್‌ನ ಮಿತ್ರಿಬಾದಲ್ಲಿ 53.9 ಡಿಗ್ರಿ ದಾಖಲಾಗಿತ್ತು. ಮಧ್ಯಾಹ್ನ 11ರಿಂದ 4ರ ತನಕ ಬಿಸಿಲಲ್ಲಿ ನಮ್ಮ ಕೆಲಸವನ್ನೇ ಸರ್ಕಾರ ನಿಲ್ಲಿಸುವ ಕಾಲ ಅದು. ಸತ್ತು ಬಿದ್ದ ಹಕ್ಕಿಯನ್ನು ಮಾತ್ರ ಬರಿಗೈಯಲ್ಲಿ ಮುಟ್ಟಬೇಡಿ.

ಫೋಟೋ ತೆಗೆಯುವವರಿಗೆ ಒಂದು ಕಿವಿಮಾತು. ನಿಮ್ಮ ಅಂಗಳ, ನಿಮ್ಮ ಕಿಟಕಿ ಪರವಾಗಿಲ್ಲ. ಆದರೆ ಹಕ್ಕಿಯ ಹಿಂದೆ ಹೋಗುತ್ತಾ ನೀರಿನ ಸ್ಥಾವರ, ಜೈಲು, ಸೇನೆಯ ಬೇಲಿ, ಬೇರೆಯವರ ಮನೆಯ ಕಡೆ ಮೊಬೈಲ್ ತಿರುಗಿಸಬೇಡಿ. "ಹಕ್ಕಿ ತೆಗೀತಿದ್ದೆ" ಅಂತ ಪೊಲೀಸರಿಗೆ ಅರಬ್ಬಿಯಲ್ಲಿ ವಿವರಿಸುವುದು ಸುಲಭದ ಕೆಲಸವಲ್ಲ. ಹೊಲಗಳಿಗೂ ಅನುಮತಿ ಇಲ್ಲದೆ ನುಗ್ಗುವಂತಿಲ್ಲ, ರಸ್ತೆ ಬದಿಯಿಂದಲೇ ಸಾಕಷ್ಟು ಕಾಣುತ್ತದೆ.

ನನಗೆ ಇದರಲ್ಲಿ ಸಿಗುವ ದೊಡ್ಡ ಖುಷಿ ಶುಕ್ರವಾರದ ವಿಡಿಯೋ ಕಾಲ್. ಇಲ್ಲಿ ಬೆಳಿಗ್ಗೆ ಆರು ಗಂಟೆ ಅಂದರೆ ಊರಲ್ಲಿ ಎಂಟೂವರೆ. ಮೊದಲೆಲ್ಲ ಮಗಳು "ಊಟ ಆಯ್ತಾ ಅಪ್ಪಾ" ಅಂತ ಕೇಳಿ ಫೋನನ್ನು ಅಮ್ಮನ ಕೈಗೆ ಕೊಟ್ಟು ಓಡುತ್ತಿದ್ದಳು. ಈಗ "ಹಕ್ಕಿ ಬಂತಾ?" ಅಂತ ಕೇಳುತ್ತಾಳೆ. ಚಂದ್ರಮುಕುಟ ಕರ್ನಾಟಕದಲ್ಲೂ ಇದೆ, ಅಲ್ಲಿ ಎಷ್ಟೋ ಕಡೆ ವರ್ಷವಿಡೀ ಇರುತ್ತದೆ. ಅವಳ ಶಾಲೆಯ ಮೈದಾನದಲ್ಲೇ ಒಂದು ಜೋಡಿ ಇದೆಯಂತೆ, ಹಳೇ ಕಾಂಪೌಂಡ್ ಗೋಡೆಯ ತೂತಿನಲ್ಲಿ ಗೂಡು. "ವಾಸನೆ ಅಪ್ಪಾ, ಹತ್ತಿರ ಹೋಗಕ್ಕಾಗಲ್ಲ" ಅಂದಳು. ಅವಳು ಹೇಳಿದ್ದು ಸರಿ. ಗೂಡಿನಲ್ಲಿರುವ ತಾಯಿ ಹಕ್ಕಿಯ ಬಾಲದ ಬುಡದ ಗ್ರಂಥಿಯಿಂದ ಕೊಳೆತ ಮಾಂಸದಂಥ ವಾಸನೆಯ ದ್ರವ ಬರುತ್ತದೆ, ಅದನ್ನು ಮೊಟ್ಟೆಗೂ ಬಳಿಯುತ್ತದೆ. ಆ ದ್ರವದಲ್ಲಿರುವ ಬ್ಯಾಕ್ಟೀರಿಯಾಗಳು ಮೊಟ್ಟೆಯನ್ನು ಸೋಂಕಿನಿಂದ ಕಾಪಾಡುತ್ತವೆ ಅಂತ ವಿಜ್ಞಾನಿಗಳು ಕಂಡುಕೊಂಡಿದ್ದಾರೆ. ಮರಿಗಳೂ ಕಮ್ಮಿ ಇಲ್ಲ, ಯಾರಾದರೂ ಗೂಡಿಗೆ ಇಣುಕಿದರೆ ಗುರಿಯಿಟ್ಟು ಹಿಕ್ಕೆ ಹಾರಿಸುತ್ತವೆ. ಇದನ್ನು ಹೇಳಿದಾಗ ಅವಳು ನಕ್ಕ ನಗು ನಿಲ್ಲಲು ಐದು ನಿಮಿಷ ಬೇಕಾಯ್ತು.

ಹೆಸರು ಗೊತ್ತಾಗದ ಹಕ್ಕಿ ಕಂಡರೆ ಮರ್ಲಿನ್ ಅನ್ನುವ ಉಚಿತ ಆ್ಯಪ್ ಫೋಟೋ ನೋಡಿಯೂ ಕೂಗು ಕೇಳಿಯೂ ಗುರುತಿಸುತ್ತದೆ. ಕನ್ನಡದಲ್ಲೇ ಓದಬೇಕು ಅನ್ನುವವರು ಊರಿಂದ ಬರುವವರ ಹತ್ತಿರ ಪೂರ್ಣಚಂದ್ರ ತೇಜಸ್ವಿಯವರ 'ಹಕ್ಕಿ ಪುಕ್ಕ' ತರಿಸಿಕೊಳ್ಳಿ. ಕುವೈತ್‌ನಲ್ಲಿ 400ಕ್ಕೂ ಹೆಚ್ಚು ಜಾತಿಯ ಹಕ್ಕಿಗಳು ದಾಖಲಾಗಿವೆ. ಚಂದ್ರಮುಕುಟದ ಸರದಿ ಮುಗಿದು ಚಳಿ ಬಿದ್ದ ಮೇಲೆ ಹೊಲಗಳ ಪಕ್ಕದ ಕರೆಂಟ್ ತಂತಿಗಳ ಕಡೆಯೂ ಒಮ್ಮೆ ಕಣ್ಣು ಹಾಯಿಸಿ. ಅದೃಷ್ಟ ಇದ್ದರೆ ಅಲ್ಲಿ ಕಂದು ಎದೆಯ, ಹಾರಿದಾಗ ರೆಕ್ಕೆಯಲ್ಲಿ ಎರಡು ಬಗೆಯ ನೀಲಿ ಹೊಳೆಯುವ ಹಕ್ಕಿಯೊಂದು ಸುಮ್ಮನೆ ಕೂತಿರುತ್ತದೆ. ಚಳಿಗಾಲಕ್ಕೆ ಕುವೈತ್‌ಗೆ ಬರುವ ನೀಲಕಂಠ ಅದು, ನಮ್ಮ ಕರ್ನಾಟಕದ ರಾಜ್ಯಪಕ್ಷಿ.