ಹೊಸ ಫೋನು: ಮೊದಲ ವಾರದ ಪಾಠಗಳು

ಡೊಂಬಿವಲಿಯ ಎರಡು ಕೋಣೆಗಳ ಮನೆಯೊಂದರಲ್ಲಿ ಧಾರವಾಡ ಮೂಲದ ವೃದ್ಧ ದಂಪತಿಗಳು ವಾಸವಾಗಿದ್ದಾರೆ. ಕಳೆದ ದೀಪಾವಳಿಗೆ ಬೆಂಗಳೂರಿನಿಂದ ಬಂದ ಮಗನು ಹೊಸ ಸ್ಮಾರ್ಟ್‌ಫೋನೊಂದನ್ನು ತಂದೆಯ ಕೈಗಿತ್ತು, ಒಂದು ಗಂಟೆ ವಿವರಿಸಿ, ಮರುದಿನ ಹಿಂದಿರುಗಿದನು. ಅಂದಿನಿಂದಲೇ ತಂದೆಯ ಪರೀಕ್ಷೆ ಆರಂಭವಾಯಿತು.

ಹಳೆಯ ಫೋನಿನಲ್ಲಿ ಗುಂಡಿಗಳಿದ್ದವು. ಒತ್ತಿದುದು ಬೆರಳಿಗೇ ತಿಳಿಯುತ್ತಿತ್ತು. ಇಲ್ಲಿರುವುದು ನುಣುಪಾದ ಗಾಜು ಮಾತ್ರ. ಕರೆ ಬಂದಾಗ ಅವರು ಹಸಿರು ಗುರುತನ್ನು ಬಲವಾಗಿ ಒತ್ತಿದರು. ಅದನ್ನು ಮೇಲಕ್ಕೆ ಸರಿಸಬೇಕೆಂದು ಅರಿಯುವಷ್ಟರಲ್ಲಿ ಗಂಟೆ ನಿಂತಿತ್ತು. ಇದು ಬುದ್ಧಿಮಾಂದ್ಯವಲ್ಲ. ಈ ಪರದೆಯು ಒತ್ತಡವನ್ನಲ್ಲ, ಚರ್ಮದ ವಿದ್ಯುದ್ವಾಹಕ ಗುಣವನ್ನು ಗುರುತಿಸುತ್ತದೆ. ವೃದ್ಧರ ಬೆರಳ ತುದಿ ಒಣಗಿದ್ದರೆ ಸ್ಪರ್ಶವು ಕೆಲವೊಮ್ಮೆ ದಾಖಲಾಗುವುದೇ ಇಲ್ಲ. ಆದುದರಿಂದ ಬೇಕಾದುದು ಬಲವಲ್ಲ, ತಾಳ್ಮೆ.

ಎರಡನೆಯ ದಿನ ಕಣ್ಣುರಿ ಕಾಣಿಸಿಕೊಂಡಿತು. ಪರದೆಯನ್ನು ದಿಟ್ಟಿಸುವಾಗ ನಾವು ರೆಪ್ಪೆ ಮಿಟುಕಿಸುವುದು ಬಹಳ ಕಡಿಮೆಯಾಗಿ, ಕಣ್ಣಿನ ತೇವ ಆರುತ್ತದೆ. ಇಪ್ಪತ್ತು ನಿಮಿಷಕ್ಕೊಮ್ಮೆ, ಇಪ್ಪತ್ತು ಅಡಿ ದೂರದ ವಸ್ತುವನ್ನು ಇಪ್ಪತ್ತು ಸೆಕೆಂಡು ನೋಡಬೇಕೆಂಬ ನೇತ್ರತಜ್ಞರ ಸಲಹೆಯು ಸುಲಭವಾಗಿ ನೆನಪಿನಲ್ಲಿ ಉಳಿಯುವಂಥದು. ಫೋನನ್ನು ತೊಡೆಯ ಮೇಲಿಟ್ಟು ಕತ್ತು ಬಗ್ಗಿಸುವ ಬದಲು ಎದೆಯ ಎತ್ತರಕ್ಕೆ ಹಿಡಿಯುವುದು ಲೇಸು. ಸೆಟ್ಟಿಂಗ್ಸ್‌ನಲ್ಲಿ ಅಕ್ಷರದ ಗಾತ್ರವನ್ನು ಹಿಗ್ಗಿಸಬಹುದು. ಭಾಷೆಯನ್ನು ಕನ್ನಡಕ್ಕೆ ಬದಲಿಸಲೂಬಹುದು. ಹಾಗೆ ಬದಲಿಸಿದ ಸಂಜೆ, ಆ ಮನೆಯ ಗೃಹಿಣಿಯು ಧಾರವಾಡದ ತಂಗಿಗೆ ಕನ್ನಡದಲ್ಲಿಯೇ ನಾಲ್ಕು ಸಾಲು ಬರೆದು ಕಳುಹಿಸಿದರು. ಐದು ನಿಮಿಷಗಳಲ್ಲಿ ಉತ್ತರವೂ ಬಂದಿತು! ಪರಸ್ಥಳದಲ್ಲಿ ನೆಲೆಸಿದವರಿಗೆ ಈ ಯಂತ್ರವು ನೀಡುವ ಆನಂದ ಅಲ್ಪವಾದುದಲ್ಲ.

ಆದರೆ ನಾಲ್ಕನೆಯ ದಿನ ಮತ್ತೊಂದು ಸಂದೇಶ ಬಂದಿತು: ಬಿಲ್ಲು ಪಾವತಿಯಾಗಿಲ್ಲ, ಇಂದು ರಾತ್ರಿ ವಿದ್ಯುತ್ತನ್ನು ಕಡಿತಗೊಳಿಸಲಾಗುವುದು, ಈ ಸಂಖ್ಯೆಗೆ ಕರೆ ಮಾಡಿರಿ. ಗಾಬರಿಗೊಂಡ ಯಜಮಾನರು ಕರೆ ಮಾಡಿದರು. ಅತ್ತಲಿನ ವಿನಯದ ಧ್ವನಿಯು, ಒಂದು ಆ್ಯಪನ್ನು ಇಳಿಸಿಕೊಂಡು ಹತ್ತು ರೂಪಾಯಿ ಕಳುಹಿಸಲು ಹೇಳಿತು. ಅವರ ಪಿಂಚಣಿಯ ಖಾತೆಯು ಅದೇ ಫೋನಿಗೆ ಜೋಡಣೆಯಾಗಿತ್ತು. ಬೆರಳು ಪರದೆಯ ಮೇಲಿದ್ದಾಗ ಒಳಗಿನಿಂದ ಪತ್ನಿಯ ಮಾತು ಕೇಳಿಸಿತು: "ಅಲ್ರೀ, ಬಿಲ್ಲು ನೀವ ಹೋಗಿ ತುಂಬಿ ಬಂದೀರಲ್ಲ? ಪಾವತಿ ಡಬ್ಬಿಯೊಳಗ ಅದ."

ಆ ಒಂದು ಮಾತು ಜೀವಮಾನದ ಉಳಿತಾಯವನ್ನು ಕಾಪಾಡಿತು. ಅಂತಹ ಆ್ಯಪು ಫೋನಿನ ಪರದೆಯನ್ನು ದೂರದ ವಂಚಕನಿಗೆ ತೆರೆದು ತೋರಿಸಬಲ್ಲದು. ನಾವು ಒತ್ತುವ ರಹಸ್ಯ ಅಂಕಿಗಳೂ ಅವನಿಗೆ ತಿಳಿಯಬಹುದು.

ಹೊಸ ಫೋನು ಹಿಡಿದವರು ಮೊದಲ ದಿನವೇ ಕೆಲವು ಸಂಗತಿಗಳನ್ನು ಮನನ ಮಾಡಿಕೊಳ್ಳಬೇಕು. ಹಣ ಪಡೆಯಲು ಯುಪಿಐ ಪಿನ್ ಬೇಕಾಗುವುದಿಲ್ಲ. ಪಿನ್ ಒತ್ತಿದರೆ ಹಣ ಹೋಗುವುದೇ ಹೊರತು ಬರುವುದಿಲ್ಲ. ಪಿನ್ ಅಥವಾ ಒ.ಟಿ.ಪಿ.ಯನ್ನು ಯಾವ ಬ್ಯಾಂಕೂ ಕೇಳುವುದಿಲ್ಲ. ಅಪರಿಚಿತರು ಹೇಳಿದ ಆ್ಯಪನ್ನು ಎಂದಿಗೂ ಇಳಿಸಿಕೊಳ್ಳಬಾರದು. ಅಕಸ್ಮಾತ್ ಹಣ ಹೋದರೆ ನಾಚಿಕೆಯಿಂದ ಮುಚ್ಚಿಡದೆ, ಕೂಡಲೇ 1930 ಸಂಖ್ಯೆಗೂ ಬ್ಯಾಂಕಿಗೂ ತಿಳಿಸಬೇಕು. ವಿಳಂಬವಾದಷ್ಟೂ ಹಣವನ್ನು ತಡೆಹಿಡಿಯುವುದು ಕಠಿಣ.

ಫೋನನ್ನು ಉಡುಗೊರೆ ಕೊಡುವ ಮಕ್ಕಳು ಒಂದು ಗಂಟೆಯಲ್ಲ, ಒಂದು ವಾರದ ಸಮಯವನ್ನೂ ಅದರೊಡನೆ ಕೊಟ್ಟರೆ ಆ ಉಡುಗೊರೆ ಪೂರ್ಣವಾದೀತು.